ಮುಚ್ಚಳದ ವಯಸ್ಸು, ಮಾರುಕಟ್ಟೆಯ ನಂಬಿಕೆ

ಸರ್ಕಾರಿ ಸೇವೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವ ಕಾಗದ ಕೈಗೆ ಬಂದರೂ ಒಕ್ಕಣೆಯನ್ನು ಓದುವ ಮೊದಲು ಕಣ್ಣು ದಿನಾಂಕವನ್ನು ಹುಡುಕುತ್ತದೆ. ದಿನಾಂಕವಿಲ್ಲದ ಅರ್ಜಿ, ದಿನಾಂಕವಿಲ್ಲದ ಆದೇಶ, ದಿನಾಂಕವಿಲ್ಲದ ರಸೀದಿ ಕಡತದೊಳಗೆ ಸೇರಿತೆಂದರೆ ಮುಂದೊಂದು ದಿನ ಯಾರದೋ ಜಮೀನು, ಯಾರದೋ ಪಿಂಚಣಿ ತಕರಾರಿಗೆ ಸಿಕ್ಕಿತೆಂದೇ ಅರ್ಥ. ನಿವೃತ್ತನಾದ ಮೇಲೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ. ಕಳೆದ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅನಿರೀಕ್ಷಿತವಾದ ಕೆಲಸವೊಂದು ಸಿಕ್ಕಿತು.

ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಊರೊಂದರಲ್ಲಿ ನನ್ನ ಮಗ ವಾಸವಾಗಿದ್ದಾನೆ. ಅವನ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ. ಸಂಜೆಯ ನಡಿಗೆಯಲ್ಲಿ ನಾವಿಬ್ಬರೂ ಜೊತೆಗಾರರಾದೆವು. ಒಂದು ದಿನ ಅವರು ತಮ್ಮ ಗ್ಯಾರೇಜಿನಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಎರಡು ಅಲ್ಯೂಮಿನಿಯಂ ಮುಚ್ಚಳಗಳನ್ನು ತಂದು ತೋರಿಸಿದರು. ಒಂದೊಂದೂ ಸುಮಾರು ಒಂದೂವರೆ ಅಡಿ ಉದ್ದ. ಮೇಲೆ ಉದ್ದುದ್ದಕ್ಕೆ ಎದ್ದ ಏಣುಗಳು. ಇವು ಕಾರಿನ ಎಂಜಿನ್ನಿನ ವಾಲ್ವ್ ಕವರ್‌ಗಳು. ತಮ್ಮ ಅಣ್ಣ 1961ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಹಳೆಯ ಫೋರ್ಡ್ ಕಾರಿಗೆ 1956ರ ಷೆವರ್ಲೆ ಎಂಜಿನ್ ಕೂರಿಸಿ ಅದರ ಮೇಲೆ ಇವನ್ನು ಜೋಡಿಸಿದ್ದನೆಂದೂ, ಆತ 1967ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ತೀರಿಕೊಂಡನೆಂದೂ ಅವರು ಹೇಳಿದರು. ಕಾರನ್ನು 1980ರ ದಶಕದಲ್ಲೇ ಮಾರಿದ್ದರು. ಮುಚ್ಚಳಗಳನ್ನು ಮಾತ್ರ ಅಣ್ಣನ ನೆನಪಿಗೆಂದು ಉಳಿಸಿಕೊಂಡಿದ್ದರು. ಈಗ ಮೊಮ್ಮಗಳ ಕಾಲೇಜು ಶುಲ್ಕಕ್ಕೆ ಒಂದಿಷ್ಟು ನೆರವಾಗಲೆಂದು ಮಾರುವ ಮನಸ್ಸು ಮಾಡಿದ್ದರು. ಹಳೆಯ ಬಿಡಿಭಾಗಗಳ ಸಂತೆಯೊಂದಕ್ಕೆ ಅವರೊಂದಿಗೆ ನಾನೂ ಹೋದೆ. ಅಲ್ಲಿನ ಅನುಭವಿ ವ್ಯಾಪಾರಿಯೊಬ್ಬರು ಮುಚ್ಚಳಗಳನ್ನು ಬೋರಲು ಹಾಕಿ ಅರ್ಧ ನಿಮಿಷ ನೋಡಿ, ಮೃದುವಾಗಿಯೇ ಹೇಳಿದರು: ಇವು 1956ರ ಆ ಎಂಜಿನ್ನಿನ ಮೇಲೆ ಎಂದೂ ಕುಳಿತಿರಲು ಸಾಧ್ಯವಿಲ್ಲ.

ಓದುಗರಿಗೆ ಇದು ಮೋಟಾರು ಹುಚ್ಚಿನವರ ಕ್ಷುಲ್ಲಕ ಚರ್ಚೆಯೆನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಆ ಅರ್ಧ ನಿಮಿಷದ ಪರೀಕ್ಷೆಯ ಹಿಂದೆ ಒಂದು ಚರಿತ್ರೆಯಿದೆ, ಒಂದು ಶಾಸ್ತ್ರವಿದೆ. ಅದಕ್ಕಿಂತ ಮುಖ್ಯವಾಗಿ, ಗೊತ್ತಿಲ್ಲದವನೂ ಗೊತ್ತಿರುವವನೂ ಒಂದೇ ಮಾರುಕಟ್ಟೆಯಲ್ಲಿ ಎದುರಾದಾಗ ಏನಾಗುತ್ತದೆ ಎಂಬ, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಎಂದಿನಿಂದಲೂ ಕಾಡುವ ಪ್ರಶ್ನೆಯಿದೆ.

ಮೊದಲು ಚರಿತ್ರೆಯನ್ನು ನೋಡೋಣ. ಅಗ್ಗದ ಹಳೆಯ ಕಾರನ್ನು ಕೊಂಡು, ಬೇಡದ ಭಾರವನ್ನೆಲ್ಲ ಕಿತ್ತುಹಾಕಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ ಓಡಿಸುವ ಹವ್ಯಾಸ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಬೆಳೆದಿತ್ತು. ಅಂಥ ಕಾರುಗಳಿಗೆ ಹಾಟ್ ರಾಡ್ ಎಂಬ ಹೆಸರು ಬಂತು. ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಯುವಕರು ವೇಗವನ್ನು ಅಳೆದುಕೊಳ್ಳುತ್ತಿದ್ದರು. ಅದನ್ನು ಶಿಸ್ತಿಗೆ ತರಲು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1937ರಲ್ಲಿ ಹುಟ್ಟಿತು. ಯುದ್ಧ ಮುಗಿದಾಗ ವಿಮಾನ ಕಾರ್ಖಾನೆಗಳಲ್ಲಿ ಪಳಗಿದ ಕೈಗಳೂ ಅಲ್ಯೂಮಿನಿಯಂ ಎರಕದ ಕೌಶಲವೂ ಲಾಸ್ ಏಂಜಲೀಸ್ ಸುತ್ತಮುತ್ತ ಹೇರಳವಾಗಿದ್ದವು. ಯುದ್ಧವಿಮಾನಗಳು ಹೊತ್ತೊಯ್ಯುತ್ತಿದ್ದ ಹೆಚ್ಚುವರಿ ಇಂಧನ ಟ್ಯಾಂಕುಗಳನ್ನೇ ಕಾರಿನ ಮೈಯಾಗಿ ಬಳಸಿದವರೂ ಇದ್ದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅವರ ‘ಹಾಟ್ ರಾಡ್’ ಪತ್ರಿಕೆ ಹೊರಬಂತು. 1951ರಲ್ಲಿ ವಾಲಿ ಪಾರ್ಕ್ಸ್ ಮುಂದಾಳುತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪನೆಯಾಯಿತು.

ಈ ಹವ್ಯಾಸದ ಬೆನ್ನಿಗೆ ಒಂದು ಉದ್ಯಮವೇ ಬೆಳೆಯಿತು. ವಿಕ್ ಎಡೆಲ್‌ಬ್ರಾಕ್, ಫಿಲ್ ವೈಯಾಂಡ್, ಫ್ರೆಡ್ ಆಫನ್‌ಹೌಸರ್, ಡೀನ್ ಮೂನ್, ಮಿಕಿ ಥಾಂಪ್ಸನ್ ಮುಂತಾದವರು ತಾವೇ ಓಟಗಾರರಾಗಿ ಅಥವಾ ಓಟಗಾರರ ಒಡನಾಡಿಗಳಾಗಿ ಆರಂಭಿಸಿ, ಕಾರು ಕಂಪನಿ ಕೊಡದ ಬಿಡಿಭಾಗಗಳನ್ನು ತಯಾರಿಸಿ ಮಾರಿದರು. ಇವರಲ್ಲಿ ಮಿಕಿ ಥಾಂಪ್ಸನ್ 1960ರಲ್ಲಿ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ, ನಾಲ್ಕು ಎಂಜಿನ್ನುಗಳ ಕಾರಿನಲ್ಲಿ, ಗಂಟೆಗೆ 400 ಮೈಲಿಯ ಗೆರೆ ದಾಟಿದವರು. ಇಂಥವರ ಹೆಸರು ಎರಕಗೊಂಡ ವಾಲ್ವ್ ಕವರ್ ಎಂದರೆ ಎಂಜಿನ್ನಿನ ಹಣೆಯ ಮೇಲಿನ ತಿಲಕವಿದ್ದಂತೆ. ಬಾನೆಟ್ ತೆಗೆದೊಡನೆ ಮೊದಲು ಕಾಣುವುದು ಅದೇ.

ಇಷ್ಟಕ್ಕೂ ಅದರ ನಿಜವಾದ ಕೆಲಸ ಸಣ್ಣದು. ಎಂಜಿನ್ನಿನ ತಲೆಭಾಗದಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚುವ ಚಿಕ್ಕ ತೋಳುಗಳಿರುತ್ತವೆ. ಅವುಗಳ ಮೇಲೆ ಸದಾ ಎಣ್ಣೆ ಚಿಮ್ಮುತ್ತಿರುತ್ತದೆ. ಆ ಎಣ್ಣೆ ಹೊರಗೆ ಬಾರದಂತೆ, ಧೂಳು ಒಳಗೆ ಹೋಗದಂತೆ ಕಾಯುವುದಷ್ಟೇ ಮುಚ್ಚಳದ ಕರ್ತವ್ಯ. ಕಂಪನಿಗಳು ಇದನ್ನು ಸಾಮಾನ್ಯವಾಗಿ ತೆಳುವಾದ ಉಕ್ಕಿನ ತಗಡಿನಲ್ಲಿ ಮಾಡುತ್ತಿದ್ದವು. ಹೊರಗಿನ ತಯಾರಕರು ದಪ್ಪ ಅಲ್ಯೂಮಿನಿಯಂನಲ್ಲಿ ಏಣುಗಳೊಂದಿಗೆ ಎರಕ ಹೊಯ್ದು ಚೆಂದಗೊಳಿಸಿದರು.

ಇನ್ನು ವಯಸ್ಸನ್ನು ಗುರುತಿಸುವ ಶಾಸ್ತ್ರ. ಅಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಮುಚ್ಚಳವನ್ನು ನೋಡುವ ಮೊದಲು ಎಂಜಿನ್ನನ್ನು ತಿಳಿಯಬೇಕು ಎಂಬುದು. 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ ಹಾಟ್ ರಾಡ್ ಹವ್ಯಾಸದ ತಾಯಿಬೇರು. ಆದರೆ ಅದರ ವಾಲ್ವ್‌ಗಳು ಎಂಜಿನ್ನಿನ ಒಡಲಿನಲ್ಲೇ ಇದ್ದುದರಿಂದ ತಲೆಯ ಮೇಲೆ ಇಂಥ ಮುಚ್ಚಳವೇ ಇರಲಿಲ್ಲ. ಹಾಗಾಗಿ 1930ರ ದಶಕದ ಫೋರ್ಡ್ ವಿ-8ರ ವಾಲ್ವ್ ಕವರ್ ಎಂದು ಯಾರಾದರೂ ಮಾರಲು ಬಂದರೆ ಎಚ್ಚರವಾಗಿರುವುದು ಒಳಿತು. ಇದಕ್ಕೆ ಅಪವಾದಗಳು ಇಲ್ಲದಿಲ್ಲ. ಆ ಫೋರ್ಡ್ ಎಂಜಿನ್ನಿಗೆಂದೇ ಮೇಲ್ವಾಲ್ವಿನ ತಲೆಯನ್ನು ಜೋರಾ ಆರ್ಕಸ್-ಡಂಟೋವ್ ಅವರ ಆರ್ಡನ್ ಸಂಸ್ಥೆ 1940ರ ದಶಕದ ಕೊನೆಯಲ್ಲಿ ರೂಪಿಸಿತ್ತು. ಆದರೆ ಅವು ವಿರಳ. ಮೇಲ್ವಾಲ್ವಿನ ಆಧುನಿಕ ವಿ-8 ಎಂಜಿನ್ನುಗಳು ವ್ಯಾಪಕವಾಗಿ ಬಂದದ್ದು 1949ರ ಓಲ್ಡ್ಸ್‌ಮೊಬಿಲ್ ಮತ್ತು ಕ್ಯಾಡಿಲಾಕ್‌ಗಳಿಂದ. 1951ರಲ್ಲಿ ಕ್ರೈಸ್ಲರ್, 1954ರಲ್ಲಿ ಫೋರ್ಡ್, 1955ರಲ್ಲಿ ಷೆವರ್ಲೆ ಹಿಂಬಾಲಿಸಿದವು. ಯಾವ ಮುಚ್ಚಳವೂ ತಾನು ಮುಚ್ಚಬೇಕಾದ ಎಂಜಿನ್ನಿಗಿಂತ ಹಿರಿಯದಾಗಿರಲಾರದು. ಇದು ಕಾಲನಿರ್ಣಯದ ಮೊದಲ ಮಿತಿ.

ಎರಡನೆಯ ಸಾಕ್ಷ್ಯ ಬೋಲ್ಟಿನ ತೂತುಗಳದು. 1955ರ ಷೆವರ್ಲೆಯ ಆ ಚಿಕ್ಕ ವಿ-8 ಎಂಜಿನ್ ಅಮೆರಿಕದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿತು. ಅದರ ಆರಂಭದ ತಲೆಗಳಲ್ಲಿ ಮುಚ್ಚಳದ ಮೇಲ್ಸಾಲಿನ ಬೋಲ್ಟುಗಳು ಕೆಳಸಾಲಿನವುಗಳಿಗೆ ನೇರವಾಗಿ ಎದುರಿರಲಿಲ್ಲ, ಹಿಂದುಮುಂದಾಗಿದ್ದವು. 1950ರ ದಶಕದ ಕೊನೆಗೆ ಇದು ಬದಲಾಗಿ, 1960ರಿಂದ ಎರಡೂ ಸಾಲುಗಳು ನೇರವಾದವು. 1987ರ ಸುಮಾರಿಗೆ ಬೋಲ್ಟುಗಳು ಅಂಚನ್ನು ಬಿಟ್ಟು ಮುಚ್ಚಳದ ನಡುವಿಗೇ ಬಂದವು. ಹೀಗಾಗಿ ಹಿಂದುಮುಂದಿನ ತೂತುಗಳು ಮಾತ್ರ ಇರುವ ಮುಚ್ಚಳ ಆರಂಭದ ಕಾಲದ ಎಂಜಿನ್ನಿಗೆ ಸೇರಿದ್ದು. ಎರಡೂ ಬಗೆಯ ತೂತುಗಳಿದ್ದರೆ ಅದನ್ನು ರೂಪಿಸಿದವನು ಬದಲಾವಣೆಯ ಅನಂತರದವನು. ನೇರ ತೂತುಗಳು ಮಾತ್ರ ಇದ್ದರೆ ಅದು 1956ರ ತಲೆಯ ಮೇಲೆ ಕೂರುವುದೇ ಇಲ್ಲ. ನಮ್ಮ ವ್ಯಾಪಾರಿ ಅರ್ಧ ನಿಮಿಷದಲ್ಲಿ ಕಂಡದ್ದು ಇದನ್ನೇ.

ಮೂರನೆಯ ಸಾಕ್ಷ್ಯ ನನ್ನಂಥ ಮಾಜಿ ಅಧಿಕಾರಿಗೆ ವಿಶೇಷವಾಗಿ ಹಿಡಿಸಿತು. ಏಕೆಂದರೆ ಅದು ಸರ್ಕಾರದ ನಿಯಮವೊಂದು ಲೋಹದ ಮೇಲೆ ಉಳಿಸಿಹೋದ ಗುರುತು. ಹಳೆಯ ಎಂಜಿನ್ನುಗಳು ಒಡಲಿನಲ್ಲಿ ತುಂಬಿಕೊಳ್ಳುವ ಹೊಗೆಯನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡುತ್ತಿದ್ದವು. ಲಾಸ್ ಏಂಜಲೀಸ್‌ನ ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳೂ ಕಾರಣವೆಂದು ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅದರ ಫಲವಾಗಿ, ಈ ಹೊಗೆಯನ್ನು ಮರಳಿ ಎಂಜಿನ್ನಿಗೇ ಎಳೆದುಕೊಳ್ಳುವ ವ್ಯವಸ್ಥೆ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿ 1961ರ ಮಾದರಿಗಳಿಂದ, ದೇಶದ ಉಳಿದೆಡೆ 1963ರ ಮಾದರಿಗಳಿಂದ ಬಂತು. ಮುಂದೆ ಆ ಕೊಳವೆಗೂ ಉಸಿರುಗಂಡಿಗೂ ಮುಚ್ಚಳದ ಮೇಲೆ ತೂತುಗಳು ಸಾಮಾನ್ಯವಾದವು. ಷೆವರ್ಲೆಯ ಈ ಎಂಜಿನ್ನಿನಲ್ಲಿ ಮೊದಲು ಎಣ್ಣೆ ಹಾಕಲು ಮುಂಭಾಗದಲ್ಲಿ ಪ್ರತ್ಯೇಕ ಕೊಳವೆಯಿತ್ತು. 1968ರ ಮಾದರಿಗಳಲ್ಲಿ ಎಣ್ಣೆಯ ಬಾಯಿಯೂ ಮುಚ್ಚಳದ ಮೇಲೆ ಬಂತು. ಆದ್ದರಿಂದ ತೂತನ್ನು ಕಂಡಾಗ ಕೇಳಬೇಕಾದ ಪ್ರಶ್ನೆ: ಇದು ಎರಕದಲ್ಲೇ ಅಂಚುಕಟ್ಟಿ ಬಂದದ್ದೋ, ಅನಂತರ ಯಾರೋ ಕೊರೆದದ್ದೋ? ಎರಕದಲ್ಲೇ ಬಂದಿದ್ದರೆ ಅಚ್ಚು ಮಾಡಿದವನ ಮನಸ್ಸಿನಲ್ಲಿ ಆ ಅಗತ್ಯ ಆಗಲೇ ಇತ್ತೆಂದಾಯಿತು. ಒಂದು ಎಚ್ಚರಿಕೆಯೂ ಬೇಕು. ಇಂಥ ತೂತಿಲ್ಲದಿರುವುದು ಹಳತನಕ್ಕೆ ಪುರಾವೆಯಲ್ಲ. ಹಳೆಯದರಂತೆ ಕಾಣಲೆಂದೇ ತೂತಿಲ್ಲದೆ ಇಂದೂ ತಯಾರಿಸಬಹುದು.

ನಾಲ್ಕನೆಯದು ಎರಕದ ಸಾಕ್ಷ್ಯ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಅಮೆರಿಕ ಬೇಕಾಗಿರಲಿಲ್ಲ. ಬೆಳಗಾವಿಯಲ್ಲಿ ಸೇವೆಯಲ್ಲಿದ್ದಾಗ ಉದ್ಯಮಬಾಗಿನ ಎರಕದ ಕಾರ್ಖಾನೆಗಳಿಗೆ ಭೇಟಿ ಕೊಡುವ ಸಂದರ್ಭಗಳು ಬರುತ್ತಿದ್ದವು. ಮರದ ಮಾದರಿ ಮಾಡುವ ಹಿರಿಯ ಕುಶಲಕರ್ಮಿಯೊಬ್ಬರು ತಮ್ಮ ಅಳತೆಪಟ್ಟಿ ಸಾಮಾನ್ಯ ಪಟ್ಟಿಗಿಂತ ಕೊಂಚ ಉದ್ದವಿರುವುದನ್ನು ನನಗೆ ತೋರಿಸಿದ್ದರು. ಕರಗಿದ ಲೋಹ ಆರಿದಾಗ ಕುಗ್ಗುತ್ತದೆ. ಆದ್ದರಿಂದ ಮಾದರಿಯನ್ನು ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಮಾಡಬೇಕು. ಅಲ್ಯೂಮಿನಿಯಂಗೆ ಈ ಕುಗ್ಗುವಿಕೆ ಶೇಕಡ 1.3ರ ಆಸುಪಾಸು. ಈಗ ಒಬ್ಬ ನಕಲುಗಾರ ಹೊಸ ಮಾದರಿ ಮಾಡುವ ಖರ್ಚನ್ನು ಉಳಿಸಲು ಹಳೆಯ ಮುಚ್ಚಳವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದನೆನ್ನಿ. ಒಂದೂವರೆ ಅಡಿ ಉದ್ದದ ಮುಚ್ಚಳ ಸುಮಾರು ಕಾಲು ಅಂಗುಲ ಗಿಡ್ಡವಾಗುತ್ತದೆ. ಅಕ್ಷರಗಳ ಅಂಚು ಮೊಂಡಾಗುತ್ತದೆ. ಸಂತೆಯ ಆ ವ್ಯಾಪಾರಿ ಒಂದೇ ಹೆಸರು ಹೊತ್ತ ಎರಡು ಮುಚ್ಚಳಗಳನ್ನು ಪಕ್ಕಪಕ್ಕ ಇಟ್ಟು ನನಗೆ ಇದನ್ನು ತೋರಿಸಿದರು. ನೋಡಿದೊಡನೆ ಬೆಳಗಾವಿಯ ಆ ಹಿರಿಯರ ಅಳತೆಪಟ್ಟಿ ನೆನಪಾಯಿತು. ಎಣ್ಣೆಯ ಕಲೆ, ತುಕ್ಕು, ಗೀರುಗಳನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಲೋಹ ಕುಗ್ಗುವ ನಿಯಮವನ್ನು ಮಾತ್ರ ಅಷ್ಟು ಸುಲಭವಾಗಿ ಮುಚ್ಚಿಡಲಾಗದು.

ಕೊನೆಯದು ಕಾಗದದ ಸಾಕ್ಷ್ಯ. ತಯಾರಕರ ಹಳೆಯ ಕ್ಯಾಟಲಾಗುಗಳು, ಪತ್ರಿಕೆಯ ಜಾಹೀರಾತುಗಳು, ಮುಚ್ಚಳ ಬಂದ ರಟ್ಟಿನ ಪೆಟ್ಟಿಗೆ, ರಸೀದಿಗಳು ಇದರಲ್ಲಿ ಸೇರುತ್ತವೆ. ಇವುಗಳಲ್ಲೂ ಕಾಲದ ಗುರುತುಗಳಿವೆ. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಅದು 1963ರ ಜುಲೈ ನಂತರದ್ದು. ಅಮೆರಿಕದ ಅಂಚೆ ಇಲಾಖೆ ಅದನ್ನು ಜಾರಿಗೆ ತಂದದ್ದೇ ಆಗ. ಪೆಟ್ಟಿಗೆಯ ಮೇಲೆ ಬಾರ್‌ಕೋಡ್ ಇದ್ದರೆ ಅದು 1970ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಅಂಗಡಿಯಲ್ಲಿ ಮೊದಲ ಬಾರಿಗೆ ಆ ಗೆರೆಗಳನ್ನು ಯಂತ್ರ ಓದಿದ್ದು 1974ರ ಜೂನ್ ತಿಂಗಳಲ್ಲಿ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ದೊಡ್ಡ ಕಾರು ಕಂಪನಿ ತನ್ನ ಎರಕಗಳ ಮೇಲೆ ದಿನಾಂಕವನ್ನು ಹಾಕುತ್ತಲೇ ಇತ್ತು. ಷೆವರ್ಲೆ ಎಂಜಿನ್ನಿನ ತಲೆಯ ಮೇಲೆ ಒಂದು ಅಕ್ಷರ ಮತ್ತು ಕೆಲವು ಅಂಕಿಗಳಿರುತ್ತವೆ. ‘ಎ’ ಎಂದರೆ ಜನವರಿ, ‘ಎಲ್’ ಎಂದರೆ ಡಿಸೆಂಬರ್. ಅನಂತರ ತಾರೀಖು, ಕೊನೆಗೆ ವರ್ಷದ ಕೊನೆಯ ಅಂಕಿ. ಗಿರಾಕಿಗಾಗಿ ಅಲ್ಲ, ಎರಕದಲ್ಲಿ ದೋಷ ಕಂಡರೆ ಯಾವ ದಿನದ್ದೆಂದು ತಿಳಿಯಲು ಕಂಪನಿ ತನಗಾಗಿಯೇ ಮಾಡಿಕೊಂಡ ಏರ್ಪಾಡು ಅದು. ಆ ದಿನಾಂಕ ಇರುವುದು ವಾಲ್ವ್ ಕವರಿನ ಅಡಿಯಲ್ಲೇ. ಮುಚ್ಚಳ ತೆಗೆದರೆ ತಲೆಯ ಜನ್ಮದಿನಾಂಕ ಕಾಣುತ್ತದೆ. ಸಣ್ಣ ತಯಾರಕರು ಮಾಡಿದ ಮುಚ್ಚಳಕ್ಕೆ ಮಾತ್ರ ಸಾಮಾನ್ಯವಾಗಿ ದಿನಾಂಕವಿಲ್ಲ. ತಮ್ಮ ಸರಕನ್ನು ಎಪ್ಪತ್ತು ವರ್ಷಗಳ ನಂತರ ಯಾರಾದರೂ ಬೋರಲು ಹಾಕಿ ಪರೀಕ್ಷಿಸುತ್ತಾರೆಂದು ಅವರು ಎಣಿಸಿರಲಾರರು.

ಈಗ ಅರ್ಥಶಾಸ್ತ್ರಕ್ಕೆ ಬರೋಣ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ತರುಣ ವಿದ್ವಾಂಸ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಚಿಕ್ಕದೊಂದು ಪ್ರಬಂಧ ಪ್ರಕಟಿಸಿದರು. ಮೂರು ಪ್ರತಿಷ್ಠಿತ ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. ಅದರಲ್ಲಿ ಭಾರತದ ಸಾಲ ವ್ಯವಸ್ಥೆಯ ಉದಾಹರಣೆಯೂ ಇದೆ. ಎಂ.ಎ. ತರಗತಿಯಲ್ಲಿ ಅದನ್ನು ಓದಿದಾಗ ಇಷ್ಟು ಸರಳವಾದ ಮಾತನ್ನು ಬೇರೆ ಯಾರೂ ಮೊದಲೇ ಏಕೆ ಹೇಳಲಿಲ್ಲವೆಂದು ನನಗೆ ಆಶ್ಚರ್ಯವಾಗಿತ್ತು. ಅವರ ವಾದ ಹೀಗಿದೆ. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸ ಹೋಗಬಹುದೆಂಬ ಭಯದಿಂದ ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನ ಒಡೆಯ ಮಾರಲು ಒಪ್ಪುವುದಿಲ್ಲ, ಮನೆಗೆ ಮರಳುತ್ತಾನೆ. ಉಳಿದದ್ದು ಕೆಟ್ಟದ್ದೇ ಆದ್ದರಿಂದ ಬೆಲೆ ಮತ್ತಷ್ಟು ಕುಸಿಯುತ್ತದೆ. ಕೊನೆಗೆ ಮಾರುಕಟ್ಟೆಯೇ ಬತ್ತಿಹೋಗಬಹುದು. ಈ ಚಿಂತನೆಗಾಗಿ ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಹಳೆಯ ಮುಚ್ಚಳಗಳ ಸಂತೆ ಈ ಪ್ರಬಂಧಕ್ಕೆ ಬರೆದ ಭಾಷ್ಯದಂತಿದೆ. ಹಳೆಯದೆಂಬ ಮಾತಿಗೆ ಬೆಲೆಯಿದೆ, ಹಳೆಯದೆಂದು ಸಾಧಿಸಲು ಸುಲಭದ ದಾರಿಯಿಲ್ಲ. ಪರಿಣಿತರು ಅರ್ಧ ನಿಮಿಷದಲ್ಲಿ ನಿಜವನ್ನು ಕಾಣುತ್ತಾರೆ. ಅವರಲ್ಲಿ ಪ್ರಾಮಾಣಿಕರು, ನಮಗೆ ಸಿಕ್ಕಿದವರಂತೆ, ಅದನ್ನು ಹೇಳುತ್ತಾರೆ. ಹೇಳದೆ ಕೊಳ್ಳುವವರೂ ಹೇಳದೆ ಮಾರುವವರೂ ಇರುತ್ತಾರೆ. ನಷ್ಟ ತಟ್ಟುವುದು ಇಬ್ಬರಿಗೆ: ತಂದೆಯ ಕಾಲದ ಕಾರನ್ನು ಇದ್ದಂತೆಯೇ ಮತ್ತೆ ಕಟ್ಟಬೇಕೆಂದು ಹೊರಟ ಯುವಕನಿಗೆ ಮತ್ತು ಗ್ಯಾರೇಜಿನಲ್ಲಿ ನಿಜವಾದ ಹಳೆಯ ಸರಕನ್ನಿಟ್ಟುಕೊಂಡು ಅದನ್ನು ಸಾಬೀತುಪಡಿಸಲಾಗದ ವೃದ್ಧರಿಗೆ.

ಹಾಗೆಂದು ಹೊಸದಾಗಿ ತಯಾರಾದ ಮುಚ್ಚಳಗಳೆಲ್ಲ ನಕಲಿ ಎನ್ನುವುದು ಅನ್ಯಾಯವಾದೀತು. ಹಳೆಯ ಹೆಸರಿನ ಕೆಲವು ಸಂಸ್ಥೆಗಳು ಹಳೆಯ ಶೈಲಿಯ ಮುಚ್ಚಳಗಳನ್ನು ಅನಂತರವೂ ತಯಾರಿಸಿವೆ. ಡೀನ್ ಮೂನ್ 1987ರಲ್ಲಿ ತೀರಿಕೊಂಡ ಮೇಲೆ ಆ ಹೆಸರನ್ನು ಉಳಿಸಿ ಬೆಳೆಸಿದವರು ಜಪಾನಿನ ಶಿಗೆ ಸುಗನುಮ. ಸಮುದ್ರದಾಚೆಯ ಅಭಿಮಾನಿಯೊಬ್ಬರು ಒಂದು ಪರಂಪರೆಯನ್ನು ಮುಂದುವರಿಸಿದ ಈ ಉದಾಹರಣೆ ಗೌರವಕ್ಕೆ ಅರ್ಹವಾದದ್ದು. ಒಂದೇ ಸಂಸ್ಥೆ ಒಂದೇ ವಿನ್ಯಾಸದಲ್ಲಿ 1960ರಲ್ಲಿ ಮಾಡಿದ್ದಕ್ಕೂ 2000ದಲ್ಲಿ ಮಾಡಿದ್ದಕ್ಕೂ ಎಣ್ಣೆ ತಡೆಯುವ ಕೆಲಸದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಬಳಸಲೆಂದೇ ಕೊಳ್ಳುವವನಿಗೆ ಹೊಸದೇ ಮೇಲು. ಪಡಿಯಚ್ಚು ಮಾಡುವುದು ತಪ್ಪಲ್ಲ. ಅದು ತನ್ನ ವಯಸ್ಸನ್ನು ಮರೆಮಾಚಲು ಅವಕಾಶವಿರುವುದು ತಪ್ಪು.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಮುಚ್ಚಳದ ಒಳಮೈಯಲ್ಲಿ, ಜೋಡಿಸಿದ ಮೇಲೆ ಯಾರಿಗೂ ಕಾಣದ ಕಡೆ, ನಾಲ್ಕು ಅಂಕಿಯ ವರ್ಷವನ್ನು ಎರಕದಲ್ಲೇ ಮೂಡಿಸಿದರೆ ಸಾಕು. ಅಂದಕ್ಕೂ ಕುಂದಿಲ್ಲ, ಕೆಲಸಕ್ಕೂ ಅಡ್ಡಿಯಿಲ್ಲ. ಅಮೆರಿಕದ ಕಾನೂನಿಗೆ ಈ ಕಲ್ಪನೆ ಹೊಸತೂ ಅಲ್ಲ. ಅಲ್ಲಿನ ಸಂಸತ್ತು 1973ರಲ್ಲಿ ಸಂಗ್ರಾಹಕರ ರಕ್ಷಣೆಗೆಂದೇ ಹವ್ಯಾಸ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ಹಳೆಯ ನಾಣ್ಯಗಳ ಪ್ರತಿಕೃತಿಯ ಮೇಲೆ ಅದು ಪ್ರತಿಯೆಂಬ ಗುರುತು ಇರಬೇಕು. ಚುನಾವಣಾ ಬಿಲ್ಲೆಗಳಂಥ ರಾಜಕೀಯ ವಸ್ತುಗಳ ಪ್ರತಿಕೃತಿಯ ಮೇಲೆ ಅದನ್ನು ತಯಾರಿಸಿದ ವರ್ಷ ಅಳಿಸಲಾಗದಂತೆ ನಮೂದಾಗಿರಬೇಕು. ಬಿಲ್ಲೆಗೆ ಅನ್ವಯವಾಗುವ ನ್ಯಾಯ ಎಂಜಿನ್ನಿನ ಮುಚ್ಚಳಕ್ಕೆ ಏಕಿಲ್ಲ? ಕಾಯ್ದೆಯನ್ನು ತಂದಾಗ ಹಳೆಯ ಬಿಡಿಭಾಗಗಳು ಸಂಗ್ರಹಯೋಗ್ಯವಾಗುತ್ತವೆಂದು ಯಾರಿಗೂ ತೋಚಿರಲಿಕ್ಕಿಲ್ಲ. ಈಗ ಕಾಲ ಬದಲಾಗಿದೆ. ಪೆಬಲ್ ಬೀಚ್‌ನ ಪ್ರತಿಷ್ಠಿತ ಕಾರು ಪ್ರದರ್ಶನದಲ್ಲಿ 1997ರಿಂದ ಹಾಟ್ ರಾಡ್‌ಗಳಿಗೂ ಸ್ಥಾನ ಸಿಕ್ಕಿದೆ. ಅಮೆರಿಕದ ಅಂಚೆ ಇಲಾಖೆ 2014ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನೇ ಹೊರಡಿಸಿತು.

ಆದರೂ ಹೊಸ ಕಾನೂನನ್ನು ಕೇಳುವಾಗ ನಾನು ಹಿಂಜರಿಯುತ್ತೇನೆ. ಸದುದ್ದೇಶದ ನಿಯಮ ಹೇಗೆ ಸಣ್ಣವರ ಹೆಗಲಿಗೆ ಹೊರೆಯಾಗುತ್ತದೆ ಎಂಬುದನ್ನು ಮೇಜಿನ ಈ ಬದಿಯಿಂದ ಸಾಕಷ್ಟು ಕಂಡಿದ್ದೇನೆ. ಇಬ್ಬರು ಮೂವರು ಸೇರಿ ನಡೆಸುವ ಎರಕದ ಕಾರ್ಖಾನೆಯ ಬಾಗಿಲಿಗೆ ತನಿಖಾಧಿಕಾರಿಯನ್ನು ಕಳುಹಿಸುವುದು ನನ್ನ ಉದ್ದೇಶವಲ್ಲ. ಉದ್ಯಮವೇ ಇದನ್ನು ಮಾಡಿಕೊಳ್ಳಬಹುದು. ಇದೇ ತಯಾರಕರು 1963ರಲ್ಲಿ ಕಟ್ಟಿಕೊಂಡ ಸೆಮಾ ಸಂಘವಿದೆ. ಸ್ಪರ್ಧೆಯ ಸುರಕ್ಷತಾ ಸಾಧನಗಳಿಗೆ ಮಾನದಂಡಗಳನ್ನು ರೂಪಿಸುವ ಸಂಪ್ರದಾಯ ಅಲ್ಲಿಂದಲೇ ಬೆಳೆಯಿತು. ಇಂದು ಸ್ಪರ್ಧೆಯ ಚಾಲಕನ ಬೆಲ್ಟಿನ ಮೇಲೆ ತಯಾರಿಕೆಯ ದಿನಾಂಕ ಇರುತ್ತದೆ. ಜೀವದ ಪ್ರಶ್ನೆ ಬಂದಾಗ ದಿನಾಂಕ ಹಾಕಲು ಕಲಿತ ಉದ್ಯಮ ನಂಬಿಕೆಯ ಪ್ರಶ್ನೆ ಬಂದಾಗ ಹಾಕಲಾರದೇ? ಇಂಥ ಗುರುತು ಹಾಕುವ ತಯಾರಕನ ಸರಕಿಗೆ ವಿಶ್ವಾಸ ಹೆಚ್ಚಿ, ಹಾಕದವನು ಕಾರಣ ಹೇಳಬೇಕಾದ ಸ್ಥಿತಿ ಬಂದರೆ ಕಾನೂನಿನ ಅಗತ್ಯವೇ ಬೀಳದು.

ಇದು ಮುಂದೆ ತಯಾರಾಗುವುದರ ಮಾತಾಯಿತು. ಈಗಾಗಲೇ ಗ್ಯಾರೇಜುಗಳಲ್ಲಿರುವುದಕ್ಕೆ ಕಾಗದಗಳೇ ಗತಿ. ಲಾಸ್ ಏಂಜಲೀಸ್‌ನ ಪೀಟರ್ಸನ್ ವಸ್ತುಸಂಗ್ರಹಾಲಯ, ಪೊಮೋನಾದಲ್ಲಿರುವ ವಾಲಿ ಪಾರ್ಕ್ಸ್ ಹೆಸರಿನ ವಸ್ತುಸಂಗ್ರಹಾಲಯಗಳಂಥ ಸಂಸ್ಥೆಗಳು ಹೊಳೆಯುವ ಕಾರುಗಳನ್ನು ಕಾಪಾಡುತ್ತಿವೆ. ಆ ಕಾರುಗಳಿಗೆ ಬಿಡಿಭಾಗ ಕೊಟ್ಟ ಸಣ್ಣ ಕಾರ್ಖಾನೆಗಳ ಲೆಕ್ಕದ ಪುಸ್ತಕ, ಬೆಲೆಪಟ್ಟಿ, ಮರದ ಮಾದರಿಗಳನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಕಾರ್ಖಾನೆ ಮುಚ್ಚಿದ ದಿನ ಕಾರು ಹರಾಜಿಗೆ ಹೋಗುತ್ತದೆ, ಲೆಕ್ಕದ ಪುಸ್ತಕ ಗುಜರಿಗೆ ಹೋಗುತ್ತದೆ. ಯಾವುದು ಮೊದಲು, ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಎರಡನೆಯದರಲ್ಲಿ.

ನೆರೆಮನೆಯ ಹಿರಿಯರ ವಿಷಯಕ್ಕೆ ಮರಳುತ್ತೇನೆ. ಸಂತೆಯಿಂದ ವಾಪಸಾಗುವಾಗ ಅವರು ಮಾತಾಡಲಿಲ್ಲ. ಹಣ ಬರಲಿಲ್ಲವೆಂಬುದಕ್ಕಿಂತ, ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅಣ್ಣನದೆಂದು ಒರೆಸಿ ಇಟ್ಟದ್ದು ಅಣ್ಣನದಲ್ಲವೆಂಬ ಮಾತು ಅವರನ್ನು ಕುಗ್ಗಿಸಿತ್ತು. ಅಣ್ಣನೇ ಮುಂದೆ ಎಂಜಿನ್ನಿನ ತಲೆಗಳನ್ನು ಬದಲಾಯಿಸಿರಬಹುದಲ್ಲ ಎಂದು ನಾನು ಸಮಾಧಾನ ಹೇಳಿದೆ. ಆ ಸಾಧ್ಯತೆಯನ್ನು ವ್ಯಾಪಾರಿಯೂ ಅಲ್ಲಗಳೆದಿರಲಿಲ್ಲ. ಆದರೆ ಊಹೆಯಿಂದ ಕಡತ ಮುಗಿಯುವುದಿಲ್ಲ. ಮನೆಯಲ್ಲಿ ಹಳೆಯ ರಸೀದಿಗಳೇನಾದರೂ ಇವೆಯೇ ಎಂದು ಕೇಳಿದೆ. ಅವರ ತಂದೆ ಪ್ರತಿಯೊಂದು ಬಿಲ್ಲನ್ನೂ ಬಿಸ್ಕತ್ತಿನ ಡಬ್ಬಿಗಳಲ್ಲಿ ಕಾಪಿಟ್ಟ ಮನುಷ್ಯ. ಅಟ್ಟದಿಂದ ಅಂಥ ನಾಲ್ಕು ಡಬ್ಬಿಗಳು ಇಳಿದವು. ಎರಡು ಸಂಜೆ ಕುಳಿತು ಇಬ್ಬರೂ ಹುಡುಕಿದೆವು.

ಮೂರನೆಯ ಡಬ್ಬಿಯಲ್ಲಿ 1971ರ ಎರಡು ಬಿಲ್ಲುಗಳು ಸಿಕ್ಕವು. ಒಂದು ಗುಜರಿ ಅಂಗಡಿಯದು: ಬಳಸಿದ ಷೆವರ್ಲೆ 327 ಎಂಜಿನ್ ಒಂದು. 1962ಕ್ಕೆ ಮೊದಲು ಆ ಅಳತೆಯ ಷೆವರ್ಲೆ ಎಂಜಿನ್ನೇ ಇರಲಿಲ್ಲ; ಅದರ ತಲೆಯಲ್ಲಿ ಬೋಲ್ಟುಗಳು ನೇರಸಾಲಿನವು. ಇನ್ನೊಂದು ಬಿಡಿಭಾಗಗಳ ಅಂಗಡಿಯದು: ಅಲ್ಯೂಮಿನಿಯಂ ವಾಲ್ವ್ ಕವರ್, ಒಂದು ಜೊತೆ. ಎರಡರ ಮೇಲೂ ತಂದೆಯ ಹೆಸರಿತ್ತು. ಹಿರಿಯರು ಆಗ ಬೇರೆ ರಾಜ್ಯದಲ್ಲಿ ಕಾಲೇಜಿನಲ್ಲಿದ್ದರು. ಅಣ್ಣನ ಕಾರು ಹುಚ್ಚನ್ನು ಜೀವವಿದ್ದಷ್ಟು ಕಾಲ ಬೈದ ತಂದೆ, ಮಗ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಯಾರಿಗೂ ಹೇಳದೆ ಅವನ ಕಾರಿಗೆ ಹೊಸ ಎಂಜಿನ್ ಹಾಕಿಸಿ ಓಡುವಂತೆ ಮಾಡಿದ್ದರು. ಹಿರಿಯರು ಬಿಲ್ಲುಗಳನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಮುಚ್ಚಳಗಳನ್ನು ಮಾರುವ ವಿಚಾರವನ್ನು ಮತ್ತೆ ಎತ್ತಲಿಲ್ಲ.

ಸುಳ್ಳು ದಿನಾಂಕ ಆ ಮನೆಗೆ ಒಂದು ನೆನಪನ್ನು ಕೊಟ್ಟಿತ್ತು. ನಿಜವಾದ ದಿನಾಂಕ ಅವರಿಗೆ ತಂದೆಯನ್ನು ತಿಳಿಸಿಕೊಟ್ಟಿತು. ಇದನ್ನು ಸಾಧ್ಯವಾಗಿಸಿದ್ದು ಯಾವ ಪ್ರಯೋಗಾಲಯವೂ ಅಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಎರಡು ಚೀಟಿ.

ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ನಮ್ಮ ಕಾರಿನ ಟೈರುಗಳನ್ನು ಬಗ್ಗಿ ನೋಡಿದ್ದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರ. 2000ಕ್ಕೆ ಮೊದಲು ಅಲ್ಲಿ ಮೂರೇ ಅಂಕಿಗಳಿದ್ದುದರಿಂದ ಟೈರು ಯಾವ ದಶಕದ್ದೆಂದು ತಿಳಿಯುವುದೇ ಕಷ್ಟವಾಗಿತ್ತು. ಒಂದು ಅಂಕಿ ಹೆಚ್ಚಿಸಿದ್ದರಿಂದ ಆ ಗೊಂದಲ ಹೋಯಿತು. ಹೊಸದೆಂದು ಕೊಳ್ಳುವ ಟೈರು ಅಂಗಡಿಯಲ್ಲಿ ಎಷ್ಟು ವರ್ಷ ಮಲಗಿತ್ತೆಂದು ಈಗ ಯಾರು ಬೇಕಾದರೂ ಓದಿಕೊಳ್ಳಬಹುದು. ಓದುಗರೂ ಮುಂದಿನ ಸಲ ಟೈರು ಕೊಳ್ಳುವಾಗ ಅದನ್ನು ನೋಡಲಿ. ಮುಚ್ಚಳ ತಯಾರಿಸುವವರಿಂದ ನಾನು ಕೇಳುತ್ತಿರುವುದೂ ಅಂಥ ನಾಲ್ಕು ಅಂಕಿಗಳನ್ನಷ್ಟೇ.